ಎಡ ಮುಂದಿನ ಚಕ್ರದಿಂದ ಗುಂಯ್ ಸದ್ದು, ಏನಿರಬಹುದು?

ಶಿರಸಿಯಿಂದ:
ಹಳೇ ಸಣ್ಣ ಕಾರು. 40 ದಾಟಿದರೆ ಗುಂಯ್ ಅಂತ ಶುರು, 60ಕ್ಕೆ ಹಾಡೂ ಕೇಳಿಸುವುದಿಲ್ಲ. ಸಪಾಟು ರಸ್ತೆಯಲ್ಲಿ ನ್ಯೂಟ್ರಲ್ ಮಾಡಿದರೂ ಸದ್ದು ಹಾಗೇ ಇದೆ, ಅಂದರೆ ಇಂಜಿನ್ ಅಲ್ಲ ಅಲ್ವಾ? ದೇವಿಮನೆ ಘಟ್ಟದಲ್ಲಿ ಬಲಕ್ಕೆ ತಿರುಗುವಾಗ ಜಾಸ್ತಿ, ಎಡಕ್ಕೆ ಕಡಿಮೆ. ಗ್ಯಾರೇಜಿನವರು ನಾಲ್ಕೂ ಟೈರ್ ಬದಲಿಸಿ ಎನ್ನುತ್ತಾರೆ.

ಕಾರವಾರದಿಂದ:
ಬ್ರೇಕ್ ಡಿಸ್ಕ್‌ಗೆ ತುಕ್ಕು ಹಿಡಿದಿರಬಹುದು. ನಮ್ಮ ಉಪ್ಪು ಗಾಳಿಗೆ ಇದು ಮಾಮೂಲು. ಸ್ವಲ್ಪ ಬ್ರೇಕ್ ಒತ್ತಿದರೆ ಹೋಗುತ್ತದೆ.

ಅಂಕೋಲಾದಿಂದ:
ತುಕ್ಕಾದರೆ ಕರಕರ ಅನ್ನುತ್ತದೆ, ಗುಂಯ್ ಅನ್ನುವುದಿಲ್ಲ. ನಿಮ್ಮ ತಿರುವಿನ ಮಾತೇ ಮುಖ್ಯ ಸುಳಿವು. ಬಲಕ್ಕೆ ತಿರುಗಿದಾಗ ಭಾರ ಎಡ ಚಕ್ರದ ಮೇಲೆ ಬೀಳುತ್ತದೆ. ಆಗ ಸದ್ದು ಏರಿದರೆ ಎಡ ವೀಲ್ ಬೇರಿಂಗ್ (ಚಕ್ರ ಸಲೀಸಾಗಿ ತಿರುಗಲು ಒಳಗಿರುವ ಗುಂಡುಗಳ ಬಳೆ) ಮೇಲೇ ಮೊದಲ ಅನುಮಾನ. ಟಕ್ ಟಕ್ ಅಂದಿದ್ದರೆ ಆಕ್ಸಲ್ ಜಾಯಿಂಟ್ ನೋಡಿ ಎನ್ನುತ್ತಿದ್ದೆ. ಜಾಕ್ ಹಾಕಿ, ಸ್ಟ್ಯಾಂಡ್ ಕೊಟ್ಟು, ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಆಮೇಲೆ ಆ ಚಕ್ರದ ಸಸ್ಪೆನ್ಷನ್ ಸ್ಪ್ರಿಂಗ್ ಮೇಲೆ ಕೈಯಿಟ್ಟು ಚಕ್ರ ತಿರುಗಿಸಿ. ಬೇರಿಂಗ್ ಹೋಗಿದ್ದರೆ ಬೆರಳಿಗೇ ಗೊರಗೊರ ಗೊತ್ತಾಗುತ್ತದೆ. ಟೈರ್ ಮೇಲೂ ಕೈಯಾಡಿಸಿ. ಏರುಪೇರಾಗಿ ಸವೆದಿದ್ದರೂ ಇಂಥದೇ ಸದ್ದು ಬರುತ್ತದೆ. ಮುಂದಿನ ಟೈರ್ ಹಿಂದಕ್ಕೆ ಹಾಕಿ ನೋಡಿ. ಸದ್ದೂ ಹಿಂದೆ ಹೋದರೆ ಮಾತ್ರ ಟೈರಿಗೆ ದುಡ್ಡು ಕೊಡಿ!

ಶಿರಸಿಯಿಂದ:
ಟೈರ್ ಹಿಂದೆ ಹಾಕಿದೆ, ಸದ್ದು ಮುಂದೇ ಇದೆ. ಸ್ಪ್ರಿಂಗ್‌ನಲ್ಲಿ ಗೊರಗೊರ ಕೈಗೆ ಸಿಕ್ಕಿತು. ಅಲ್ಲಾಡುವುದಿಲ್ಲ. ಸ್ವಲ್ಪ ದಿನ ಓಡಿಸಬಹುದಾ?

ಅಂಕೋಲಾದಿಂದ:
ಬೇಡ ಮಾರಾಯ್ರೆ, ಅದೂ ಘಟ್ಟದಲ್ಲಿ. ಸಡಿಲಾದರೆ ಚಕ್ರವೇ ಕೈಕೊಡುತ್ತದೆ. ಬೇರಿಂಗನ್ನು ಪ್ರೆಸ್‌ನಲ್ಲಿ (ಒತ್ತುವ ಯಂತ್ರದಲ್ಲಿ) ಕೂರಿಸುವ ಕಡೆ ಹೋಗಿ, ಸುತ್ತಿಗೆಯಲ್ಲಿ ಹೊಡೆಯುವವರ ಹತ್ತಿರ ಬೇಡ.