ಬೆಳ್ಳಿ ಡ್ರೆಸಿಂಗ್ ಟೇಬಲ್ ಸೆಟ್: ತೂಕ ಹಾಕಿ ಕೊಳ್ಳಬಹುದಾ?

ಕೇಳಿದವರು, ಲಂಡನ್: ಪಕ್ಕದ ಮನೆಯ ಅಜ್ಜಿ ತಮ್ಮ ತಾಯಿಯ ಬೆಳ್ಳಿ ಸೆಟ್ ಮಾರುತ್ತಾರಂತೆ. ಕೈಗನ್ನಡಿ, ಬ್ರಷ್‌ಗಳು, ಬಾಚಣಿಗೆ, ಬೆಳ್ಳಿ ಮುಚ್ಚಳದ ಗಾಜಿನ ಡಬ್ಬಿಗಳು. ದೊಡ್ಡ ಮನೆತನದ್ದು ಅನ್ನುತ್ತಾರೆ. ಗ್ರಾಂ ಲೆಕ್ಕದಲ್ಲಿ ದುಡ್ಡು ಕೊಟ್ಟರೆ ಸರಿಯಾ?

ಬರ್ಮಿಂಗ್‌ಹ್ಯಾಮಿನವರು: ತಕ್ಕಡಿ ಮರೆತುಬಿಡಿ. ಕನ್ನಡಿ ಎತ್ತಿದರೆ ಕೈ ಜಗ್ಗುತ್ತೆ ನಿಜ, ಆದರೆ ಭಾರವೆಲ್ಲ ಬೆಳ್ಳಿಯದಲ್ಲ. ವಿಕ್ಟೋರಿಯಾ ಕಾಲದ ಕೊನೆಯಿಂದೀಚೆಗಿನ ಸೆಟ್‌ಗಳಲ್ಲಿ ಬೆನ್ನಿಗೆ ಸಾಮಾನ್ಯವಾಗಿ ತೆಳು ತಗಡು, ಅಚ್ಚೊತ್ತಿ ಹೂಬಳ್ಳಿ ಎಬ್ಬಿಸಿದ್ದು. ಒಳಗೆ ಮರ ಅಥವಾ ರಾಳ, ನಮ್ಮಲ್ಲಿ ಚಿನ್ನದ ಗುಂಡಿಗೆ ಅರಗು ತುಂಬುವ ಹಾಗೆ. ಉಬ್ಬಿದ ಹೂವಿನ ತುದಿ ಮೇಲೆ ಬೆರಳಾಡಿಸಿ. ಉಜ್ಜಿ ಉಜ್ಜಿ ಅಲ್ಲೇ ತೂತು ಬೀಳುವುದು.

ಮುದ್ರೆ ಹುಡುಕಿ. ನಡೆಯುತ್ತಿರುವ ಸಿಂಹ ಇದ್ದರೆ 92.5 ಬೆಳ್ಳಿ. ಲಂಗರು ನಮ್ಮೂರು, ಚಿರತೆ ತಲೆ ಲಂಡನ್. ಪಕ್ಕದ ಅಕ್ಷರ ವರ್ಷ ಹೇಳುತ್ತೆ. ಎಲ್ಲದರಲ್ಲೂ ಒಂದೇ ಅಕ್ಷರ ಇದೆಯಾ ನೋಡಿ, ಎಲ್ಲೆಲ್ಲಿಂದಲೋ ತಂದು ಜೋಡಿಸಿದ ಸೆಟ್‌ಗಳೂ ಇರುತ್ತವೆ. ಇ.ಪಿ.ಎನ್.ಎಸ್. ಅಂತಿದ್ದರೆ ಬರೀ ಬೆಳ್ಳಿ ಲೇಪ.

ಎಡಿನ್‌ಬರೊದವರು: ದೊಡ್ಡ ಮನೆತನದ ಸೆಟ್ ಅಂದರೆ ಏನು ಅಂತ ನೋಡಬೇಕಾ? ಇಲ್ಲಿನ ಮ್ಯೂಸಿಯಂನಲ್ಲಿ ಲೆನಾಕ್ಸ್‌ಲವ್ ಸೆಟ್ ಇದೆ. 17ನೇ ಶತಮಾನದ ಪ್ಯಾರಿಸ್ ಕೆಲಸ, ಬೆಳ್ಳಿಗೆ ಚಿನ್ನದ ನೀರು. ಆಗ ಸಿಂಗಾರವೇ ಒಂದು ದರ್ಬಾರು. ತಲೆ ಬಾಚಿಸಿಕೊಳ್ಳುತ್ತಲೇ ಬಂದವರನ್ನು ಮಾತಾಡಿಸುತ್ತಿದ್ದರು. ಮೇಜಿನ ಮೇಲೆ ಏನಿದೆ ಅಂತ ನಾಲ್ಕು ಜನ ನೋಡಲೇಬೇಕು, ಅಲ್ವಾ? ಮದುವೆಗೆ ಗಂಡ ಕೊಡುವ ಉಡುಗೊರೆಯೂ ಅದೇ. ಆಕ್ಸ್‌ಫರ್ಡ್‌ನ ಆಶ್ಮೋಲಿಯನ್‌ನಲ್ಲಿರುವ ಟ್ರೆಬಿ ಸೆಟ್ ಅಂಥದ್ದು. ಪಾಲ್ ಡಿ ಲಾಮರಿ 1724–25ರಲ್ಲಿ ಮಾಡಿದ್ದು. ಕಾರ್ಖಾನೆ ಅಚ್ಚು ಬಂದ ಮೇಲೆ ಈ ಡೌಲು ವ್ಯಾಪಾರಿಗಳ ಮನೆಗೂ ಬಂತು. ಅಜ್ಜಿಯದು ಈ ಪೈಕಿ ಇರಬಹುದು. ಮೇಲೆ ಮನೆತನದ ಲಾಂಛನ ಇದೆಯಾ, ಬರೀ ಹೆಸರಿನ ಅಕ್ಷರಗಳಾ? ಲಾಂಛನ ಇದ್ದರೆ ಯಾವ ಮನೆತನ ಅಂತ ಪತ್ತೆ ಮಾಡಿಸಿ, ಆಮೇಲೆ ನಂಬಿ.

ಲೀಡ್ಸ್‌ನವರು: ನನ್ನ ಹತ್ತಿರ ಒಂದಿದೆ. ಬಿಸಿನೀರಲ್ಲಿ ಮಾತ್ರ ಮುಳುಗಿಸಬೇಡಿ. ರಾಳ ಮೆತ್ತಗಾಗುತ್ತೆ, ಮರ ಉಬ್ಬುತ್ತೆ. ಹುಣಸೆಹಣ್ಣು, ಅಡುಗೆ ಸೋಡಾ ಯಾವುದೂ ಬೇಡ. ಮೆತ್ತನೆ ಬಟ್ಟೆಯಲ್ಲಿ ಒರೆಸಿದರೆ ಸಾಕು, ಗೆರೆಗಳ ನಡುವಿನ ಕಪ್ಪು ಇದ್ದರೇ ಹೂವು ಎದ್ದು ಕಾಣೋದು. ಅಂದಹಾಗೆ ಈ ಬ್ರಷ್‌ಗಳ ಬಿರುಗೂದಲು ಹೆಚ್ಚಾಗಿ ಹಂದಿಯದು. ನಮ್ಮತ್ತೆ ಊರಿಂದ ಬಂದಾಗ ಸುಮ್ನೆ ಒಳಗಿಟ್ಟುಬಿಡುತ್ತೇನೆ.

ಕೇಳಿದವರು: ಸಿಂಹ ಇದೆ, ಲಂಗರು ಇದೆ. ಆದರೆ ಕನ್ನಡಿಯ ಅಕ್ಷರ ಬೇರೆ!

ಬರ್ಮಿಂಗ್‌ಹ್ಯಾಮಿನವರು: ಹೂಬಳ್ಳಿ ಒಂದೇ ಥರ ಇದ್ದರೆ ಆಮೇಲೆ ಕೂಡಿಸಿದ್ದಿರಬಹುದು. ಇಂಥ ಸೆಟ್ ಹರಾಜಿನಲ್ಲಿ ಎಷ್ಟಕ್ಕೆ ಹೋಗಿದೆ ನೋಡಿ, ಅಂಗಡಿಯವರು ಹೇಳುವ ರೇಟಲ್ಲ. ಆ ಬೆಲೆ ಅಜ್ಜಿಗೂ ತೋರಿಸಿ.