ಬೋಬಾ ಫೆಟ್ ಹೆಲ್ಮೆಟ್: ಬಣ್ಣ ಕಿತ್ತ ಗುರುತುಗಳು ಸಹಜವಾಗಿ ಕಾಣಲು ಏನು ಮಾಡಬೇಕು?

ಪ್ರಶ್ನೆ: ಪಡುಗಡಲು (ಮಂಗಳೂರು)

ಎಲ್ಲರಿಗೂ ನಮಸ್ಕಾರ. 1980ರಲ್ಲಿ ತೆರೆಕಂಡ, ‘ಸ್ಟಾರ್ ವಾರ್ಸ್’ ಸರಣಿಯ ‘ದಿ ಎಂಪೈರ್ ಸ್ಟ್ರೈಕ್ಸ್ ಬ್ಯಾಕ್’ ಚಿತ್ರದಲ್ಲಿ ಬೋಬಾ ಫೆಟ್ ಎಂಬ ಪಾತ್ರ ಧರಿಸುವ ಹೆಲ್ಮೆಟ್‌ನ ಪ್ರತಿಕೃತಿಯೊಂದನ್ನು ಮೂರು ತಿಂಗಳಿನಿಂದ ಮಾಡುತ್ತಿದ್ದೇನೆ. ಪಿಎಲ್‌ಎ ಪ್ಲಾಸ್ಟಿಕ್‌ನಲ್ಲಿ ತ್ರೀಡಿ ಪ್ರಿಂಟ್ ಮಾಡಿಸಿ, ಪದರಗಳ ಗೆರೆ ಮುಚ್ಚಲು ಕಾರಿಗೆ ಬಳಸುವ ಪುಟ್ಟಿ ಹಚ್ಚಿ, 120ರ ಸ್ಯಾಂಡ್ ಪೇಪರ್‌ನಿಂದ ಆರಂಭಿಸಿ 600ರ ವಾಟರ್ ಪೇಪರ್‌ವರೆಗೆ ಉಜ್ಜಿದ್ದೇನೆ. ಬೂದು ಪ್ರೈಮರ್ ಹೊಡೆದ ಮೇಲೆ ಬೆರಳಾಡಿಸಿದರೂ ಗೆರೆ ಸಿಗುತ್ತಿರಲಿಲ್ಲ. ಅಲ್ಲಿಯವರೆಗೆ ಎಲ್ಲವೂ ಸರಿಯಾಗಿತ್ತು.

ತೊಂದರೆ ಶುರುವಾದದ್ದು ಆಮೇಲೆ. ಪ್ರೈಮರ್ ಮೇಲೆ ಬೆಳ್ಳಿ ಬಣ್ಣದ ಸ್ಪ್ರೇ, ಅದರ ಮೇಲೆ ಬೂದು ಮಿಶ್ರಿತ ಹಸಿರು ಅಕ್ರಿಲಿಕ್ ಹೊಡೆದು, ಎರಡು ದಿನ ಒಣಗಲು ಬಿಟ್ಟು, ಚಾಕುವಿನ ತುದಿಯಿಂದ ಅಲ್ಲಲ್ಲಿ ಕೆರೆದು ಬೆಳ್ಳಿಯನ್ನು ಹೊರಗೆ ತರಲು ನೋಡಿದೆ. ಕೆಲವು ಕಡೆ ಚಾಕು ಬೆಳ್ಳಿಯನ್ನೂ ದಾಟಿ ಪ್ರೈಮರ್ ಮುಟ್ಟಿತು. ಕೆಲವು ಕಡೆ ಹಸಿರು ಬಣ್ಣ ಸಿಪ್ಪೆಯಂತೆ ಉಗುರಗಲ ಎದ್ದು ಬಂತು. ಒಟ್ಟಾರೆ ನೋಡಿದರೆ ಹತ್ತಾರು ಹೋರಾಟ ಕಂಡ ಹೆಲ್ಮೆಟ್ ಎನ್ನಿಸುವುದಿಲ್ಲ, ಹೊಸದನ್ನು ಯಾರೋ ನಿನ್ನೆ ಕೆರೆದಿಟ್ಟ ಹಾಗೆ ಕಾಣುತ್ತದೆ. ಸಾಲದ್ದಕ್ಕೆ, ಮಳೆ ಸುರಿಯುತ್ತಿದ್ದ ಸಂಜೆ ಜಗಲಿಯಲ್ಲೇ ಮ್ಯಾಟ್ (ಹೊಳಪಿಲ್ಲದ) ವಾರ್ನಿಷ್ ಹೊಡೆದೆ. ಬೆಳಗಾಗುವಷ್ಟರಲ್ಲಿ ನೆತ್ತಿಯ ಭಾಗವೆಲ್ಲ ಮಜ್ಜಿಗೆ ಚೆಲ್ಲಿದಂತೆ ಬೆಳ್ಳಗಾಗಿತ್ತು.

ಇದನ್ನು ಪೂರ್ತಿ ಉಜ್ಜಿ ಮೊದಲಿನಿಂದ ಮಾಡಬೇಕೇ, ಇಲ್ಲವೇ ಇರುವುದನ್ನೇ ಉಳಿಸಿಕೊಳ್ಳಬಹುದೇ ಎಂದು ಅನುಭವಿಗಳು ದಯವಿಟ್ಟು ತಿಳಿಸಿ.

ಉತ್ತರ: ಟ್ರೇಸಿಂಗ್ ಹಾಳೆ (ಬೆಂಗಳೂರು)

ನಮಸ್ಕಾರ. ಪೂರ್ತಿ ಉಜ್ಜುವ ಅಗತ್ಯವಿಲ್ಲ, ಆದರೆ ಕೆಲಸದ ಕ್ರಮವನ್ನು ತಿರುಗಿಸಿಕೊಳ್ಳಬೇಕು. ಬಣ್ಣ ಹಚ್ಚಿ ಆಮೇಲೆ ಕೆರೆಯುವುದಲ್ಲ. ಎಲ್ಲಿ ಬಣ್ಣ ಕಿತ್ತಿರಬೇಕೋ ಅಲ್ಲಿ ಅದು ಹತ್ತದಂತೆ ಮೊದಲೇ ತಡೆಯುವುದು. ಈ ಹೆಲ್ಮೆಟ್‌ನ ಮಟ್ಟಿಗೆ ಇದೇ ಸರಿಯಾದ ದಾರಿ ಎಂಬುದು ನನ್ನ ದೃಢವಾದ ಅಭಿಪ್ರಾಯ, ಏಕೆಂದರೆ ಮೂಲದ ಸೊಗಸು ಇರುವುದೇ ಪದರಗಳಲ್ಲಿ.

ಈ ಪಾತ್ರದ ವೇಷವನ್ನು ರೂಪಿಸಿದವರು ರಾಲ್ಫ್ ಮೆಕ್‌ಕ್ವಾರಿ ಮತ್ತು ಜೋ ಜಾನ್‌ಸ್ಟನ್. 1978ರಲ್ಲಿ ಮೊದಲು ತಯಾರಾದದ್ದು ಪೂರ್ತಿ ಬಿಳಿಯ ಕವಚ. ಅದಕ್ಕೆ ಬಣ್ಣ, ಗೀರು, ತಗ್ಗುಗಳ ಚರಿತ್ರೆ ಬಂದದ್ದು ಜಾನ್‌ಸ್ಟನ್ ಅವರ ಕುಂಚದಿಂದ. ಮೂಲ ಹೆಲ್ಮೆಟ್‌ನ ಫೋಟೋಗಳನ್ನು ಹತ್ತಿರದಿಂದ ನೋಡಿ. ಒಂದೊಂದು ಗಾಯದ ನಡುವೆ ಬೆಳ್ಳಿ, ಅದರ ಸುತ್ತ ಕೂದಲೆಳೆಯಿಂದ ಹಿಡಿದು ಅಕ್ಕಿಕಾಳಿನಷ್ಟು ಅಗಲದವರೆಗೆ ತಿಳಿಬಣ್ಣದ ಕೆಳಪದರ, ಅದರಾಚೆ ಹಸಿರು. ನಿಮ್ಮ ಹೆಲ್ಮೆಟ್‌ನಲ್ಲಿ ಬೆಳ್ಳಿಯಿಂದ ನೇರವಾಗಿ ಹಸಿರಿಗೆ ಹಾರಿದ್ದರಿಂದಲೇ ಅದು ನಿನ್ನೆ ಕೆರೆದಂತೆ ಕಾಣುತ್ತಿದೆ. ನಡುವಿನ ಆ ತಿಳಿ ಅಂಚೇ ಕಣ್ಣಿಗೆ ‘ಇದು ದಪ್ಪ ಬಣ್ಣ, ಇದಕ್ಕೆ ವಯಸ್ಸಾಗಿದೆ’ ಎಂದು ಹೇಳುವುದು.

ಮಾಡುವ ವಿಧಾನ ಹೀಗೆ. ಬೆಳ್ಳಿ ಪದರ ಪೂರ್ತಿ ಒಣಗಿದ ಮೇಲೆ ಚಿತ್ರಕಲಾ ಸಾಮಗ್ರಿಯ ಅಂಗಡಿಯಲ್ಲಿ ಸಿಗುವ ಮಾಸ್ಕಿಂಗ್ ದ್ರವವನ್ನು ಹಳೆಯ ಕುಂಚದಿಂದಲೋ ಹಲ್ಲುಕಡ್ಡಿಯಿಂದಲೋ ಗಾಯದ ಆಕಾರಕ್ಕೆ ಸರಿಯಾಗಿ ಹಚ್ಚಬೇಕು. ಅದು ಒಣಗಿದ ಮೇಲೆ ಇಡೀ ಭಾಗಕ್ಕೆ ತಿಳಿ ಬೂದು ಹೊಡೆಯಬೇಕು. ಮತ್ತೆ ಅದೇ ಗಾಯದ ಮೇಲೆ, ಈ ಸಲ ಅಂಚನ್ನು ಸ್ವಲ್ಪ ಆಚೆಗೆ ಅಂಕುಡೊಂಕಾಗಿ ಚಾಚಿ, ಇನ್ನೊಮ್ಮೆ ದ್ರವ ಹಚ್ಚಬೇಕು. ಕೊನೆಗೆ ಹಸಿರು. ಹಸಿರು ಕೈಗೆ ಅಂಟದಷ್ಟು ಒಣಗಿದ ಕೂಡಲೇ, ಅದು ಗಟ್ಟಿಯಾಗುವ ಮೊದಲು, ಬೆರಳ ತುದಿಯಿಂದ ಮೆಲ್ಲನೆ ಉಜ್ಜಿದರೆ ದ್ರವವು ರಬ್ಬರಿನ ಉಂಡೆಯಾಗಿ ಸುರುಳಿ ಸುತ್ತಿಕೊಂಡು ಬರುತ್ತದೆ ಮತ್ತು ಮೂರೂ ಪದರ ಒಟ್ಟಿಗೆ ಕಾಣಿಸಿಕೊಳ್ಳುತ್ತವೆ. ಆ ಕ್ಷಣಕ್ಕಾಗಿಯೇ ಈ ಕೆಲಸ ಮಾಡಬೇಕೆನ್ನಿಸುತ್ತದೆ. ದ್ರವ ಸಿಗದಿದ್ದರೆ ಟೂತ್‌ಪೇಸ್ಟ್ ಅಥವಾ ವ್ಯಾಸಲೀನ್ ಕೂಡ ನಡೆಯುತ್ತದೆ. ಆದರೆ ವ್ಯಾಸಲೀನ್‌ನ ಜಿಡ್ಡು ಸ್ವಲ್ಪ ಉಳಿದರೂ ಮೇಲಿನ ಪದರ ಹಿಡಿಯುವುದಿಲ್ಲ, ಸೋಪಿನ ನೀರಿನಿಂದ ಚೆನ್ನಾಗಿ ಒರೆಸಬೇಕು. ಕಲ್ಲುಪ್ಪು ಉದುರಿಸುವ ವಿಧಾನವನ್ನು ಇಲ್ಲಿ ಬಳಸಬೇಡಿ. ತುಕ್ಕು ಹಿಡಿದ ಯಂತ್ರಕ್ಕೆ ಅದು ಚೆನ್ನ, ಆದರೆ ಈ ಹೆಲ್ಮೆಟ್‌ನ ಗುರುತುಗಳಿಗೆ ನಿರ್ದಿಷ್ಟ ಜಾಗ, ನಿರ್ದಿಷ್ಟ ಆಕಾರ ಇದೆ. ಫೋಟೋವನ್ನು ಹೆಲ್ಮೆಟ್‌ನ ಅಳತೆಗೆ ಪ್ರಿಂಟ್ ತೆಗೆಸಿ, ಟ್ರೇಸಿಂಗ್ ಹಾಳೆಯಲ್ಲಿ ಒಂದೊಂದು ಪದರಕ್ಕೆ ಒಂದೊಂದು ಬಣ್ಣದ ಪೆನ್ಸಿಲ್‌ನಿಂದ ಗುರುತು ಹಾಕಿಕೊಂಡರೆ ಅರ್ಧ ಕೆಲಸ ಮುಗಿದಂತೆ.

ಒಂದು ಎಚ್ಚರಿಕೆ. 1980ರ ಈ ಚಿತ್ರ ಮತ್ತು 1983ರ ‘ರಿಟರ್ನ್ ಆಫ್ ದಿ ಜೆಡಿ’ ಚಿತ್ರದ ನಡುವೆ ಈ ವೇಷದ ಬಣ್ಣ ಬದಲಾಗಿದೆ. ಮುಂಗೈ ಕವಚ ಮೊದಲನೆಯದರಲ್ಲಿ ಹಸಿರು, ಎರಡನೆಯದರಲ್ಲಿ ಕೆಂಪು. ಹೆಲ್ಮೆಟ್‌ಗೂ ಎರಡೂ ಚಿತ್ರಗಳ ಫೋಟೋಗಳನ್ನು ಕಲಸಿಕೊಂಡರೆ ಎಲ್ಲಿಯೂ ಸಲ್ಲದ ಮೂರನೆಯದೊಂದು ಹುಟ್ಟುತ್ತದೆ. ಬಣ್ಣದ ವಿಷಯದಲ್ಲಿ, ಫ್ಲೋಕ್ವಿಲ್ ಎಂಬ ಅಮೆರಿಕದ ಮಾದರಿ ರೈಲು ಬಣ್ಣಗಳನ್ನೇ ಬಹಳ ಮಂದಿ ಪ್ರಮಾಣವೆಂದು ಹೇಳುತ್ತಾರೆ, ಆದರೆ ಅದರ ತಯಾರಿಕೆ 2013ರಲ್ಲೇ ನಿಂತಿತು. ಅದರ ಹಿಂದೆ ಹೋಗಬೇಡಿ. ಕ್ಯಾಮೆಲ್ ಅಕ್ರಿಲಿಕ್‌ನಲ್ಲೇ ಹಸಿರಿಗೆ ಬೂದು ಮತ್ತು ಚಿಟಿಕೆಯಷ್ಟು ಕಂದು ಬೆರೆಸಿ, ಹಗಲು ಬೆಳಕಿನಲ್ಲಿ ಹೋಲಿಸಿ ನೋಡಿ.

ಉತ್ತರ: ಟಿಂಕರಿಂಗ್ (ಹುಬ್ಬಳ್ಳಿ)

ಬಿಳಿಚಿಕೊಂಡ ವಾರ್ನಿಷ್ ಬಗ್ಗೆ ಹೇಳುತ್ತೇನೆ. ಕಾರುಗಳಿಗೆ ಬಣ್ಣ ಹೊಡೆಯುವ ನಮಗೆ ಮಳೆಗಾಲದಲ್ಲಿ ಇದು ಪರಿಚಿತ ಕಾಟ. ಸ್ಪ್ರೇಯಲ್ಲಿರುವ ದ್ರಾವಕ ಬೇಗ ಆವಿಯಾಗುವಾಗ ಮೇಲ್ಮೈಯನ್ನು ತಣ್ಣಗೆ ಮಾಡುತ್ತದೆ, ತಂಪು ಲೋಟದ ಹೊರಮೈ ಬೆವರುವಂತೆ ಗಾಳಿಯ ತೇವ ಅಲ್ಲಿ ಕೂರುತ್ತದೆ, ವಾರ್ನಿಷ್ ಆ ತೇವವನ್ನು ಒಳಗೇ ಇಟ್ಟುಕೊಂಡು ಗಟ್ಟಿಯಾಗುತ್ತದೆ. ಆಟಿ ತಿಂಗಳ ಮಂಗಳೂರಿನಲ್ಲಿ ಜಗಲಿಯ ಮೇಲೆ ಹೊಡೆದರೆ ಹೀಗಾಗದಿದ್ದರೇ ಆಶ್ಚರ್ಯ.

ಇದು ಸರಿಹೋಗುತ್ತದೆ. ಬಿಸಿಲಿರುವ ದಿನ, ಅದೇ ಕಂಪನಿಯ ಗ್ಲಾಸ್ (ಹೊಳಪಿನ) ವಾರ್ನಿಷ್ ಅನ್ನು ದೂರದಿಂದ ತೆಳ್ಳಗೆ ಒಂದು ಸುತ್ತು ಹೊಡೆಯಿರಿ. ಅದರ ದ್ರಾವಕ ಕೆಳಗಿನ ಪದರವನ್ನು ಸ್ವಲ್ಪ ಸಡಿಲಗೊಳಿಸಿ ತೇವಕ್ಕೆ ಹೊರಹೋಗಲು ದಾರಿ ಮಾಡುತ್ತದೆ, ಬಿಳುಪು ಬಹುಪಾಲು ಕರಗುತ್ತದೆ. ಆದರೆ ಮೊದಲು ಹೆಲ್ಮೆಟ್‌ನ ಒಳಬದಿಯಲ್ಲಿ ಅದೇ ಪದರಗಳನ್ನು ಹಚ್ಚಿ ಪರೀಕ್ಷಿಸಿ. ಕೆಳಗಿರುವುದು ಅಕ್ರಿಲಿಕ್ ಆದ್ದರಿಂದ ದ್ರಾವಕ ಹೆಚ್ಚಾದರೆ ಬಣ್ಣವೇ ಸುಕ್ಕುಗಟ್ಟಬಹುದು. ಸ್ಪ್ರೇ ಡಬ್ಬಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ಇಟ್ಟು ಬಳಸಿದರೆ ಹನಿ ಸಣ್ಣದಾಗಿ ಬೀಳುತ್ತದೆ; ಕುದಿಯುವ ನೀರು ಮಾತ್ರ ಖಂಡಿತ ಬೇಡ. ಒಣಗಿಸಲೆಂದು ಹೆಲ್ಮೆಟ್ ಅನ್ನು ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಇಡಬೇಡಿ, ಪಿಎಲ್‌ಎ 60 ಡಿಗ್ರಿಯ ಆಸುಪಾಸಿನಲ್ಲೇ ಮೆತ್ತಗಾಗಿ ಸೊಟ್ಟಗಾಗುತ್ತದೆ. ಪುಟ್ಟಿಯನ್ನು ಮತ್ತೆ ಉಜ್ಜುವುದಾದರೆ ನೀರು ಹಾಕಿಯೇ ಉಜ್ಜಿ ಮತ್ತು ಮುಖಕ್ಕೆ ಒಳ್ಳೆಯ ಮಾಸ್ಕ್ ಹಾಕಿಕೊಳ್ಳಿ.

ಇನ್ನೊಂದು ವಿಷಯ: ಮ್ಯಾಟ್ ವಾರ್ನಿಷ್ ಬೆಳ್ಳಿಯ ಹೊಳಪನ್ನು ಕೊಂದುಹಾಕುತ್ತದೆ. ಅದು ಒಣಗಿದ ಮೇಲೆ ದೊಡ್ಡ ಗಾಯಗಳ ನಡುಭಾಗಕ್ಕೆ ಮಾತ್ರ ಸಣ್ಣ ಕುಂಚದಿಂದ ಮತ್ತೆ ಬೆಳ್ಳಿ ಮುಟ್ಟಿಸಿದರೆ ಲೋಹ ಲೋಹವಾಗಿಯೇ ಕಾಣುತ್ತದೆ.

ಉತ್ತರ: ಅಟ್ಟದ ಟ್ರಂಕು (ಶಿವಮೊಗ್ಗ)

ಮೇಲಿನ ಇಬ್ಬರೂ ಬಣ್ಣದ ಮಾತು ಹೇಳಿದ್ದಾರೆ, ನಾನು ಕೊಳೆಯ ಮಾತು ಹೇಳುತ್ತೇನೆ. ನಮ್ಮ ಅಟ್ಟದ ಮೇಲೆ ಅಜ್ಜನ ಕಾಲದ ಹಸಿರು ಕಬ್ಬಿಣದ ಟ್ರಂಕು ಒಂದಿದೆ. ನನ್ನ ಮೊದಲ ಹೆಲ್ಮೆಟ್‌ಗೆ ಬಣ್ಣ ಹಚ್ಚುವ ಮುನ್ನ ಅದನ್ನು ಕೆಳಗಿಳಿಸಿ ಎದುರಿಗಿಟ್ಟುಕೊಂಡು ಕುಳಿತಿದ್ದೆ. ಬಣ್ಣ ಹೋಗಿದ್ದದ್ದು ಮೂಲೆಗಳಲ್ಲಿ, ಹಿಡಿಕೆಯ ಕೆಳಗೆ, ಚಿಲಕ ಬಡಿಯುವ ಜಾಗದಲ್ಲಿ. ಚಪ್ಪಟೆ ಮೈಯ ನಡುವೆ ಗೀರುಗಳು ವಿರಳ. ತಗ್ಗಿನಲ್ಲಿ ಬಣ್ಣ ಹೊಸದರಂತೆ ಉಳಿದು, ಅದರ ಮೇಲೆ ಕಪ್ಪು ಜಿಡ್ಡು ಕೂತಿತ್ತು. ಅಂದಿನಿಂದ ಯಾವ ಗುರುತು ಹಾಕುವ ಮೊದಲೂ ಇಲ್ಲಿ ಏನು ತಗುಲಿತು, ಯಾರ ಕೈ ಮುಟ್ಟಿತು ಎಂದು ಕೇಳಿಕೊಳ್ಳುತ್ತೇನೆ.

ನಿಮ್ಮ ಹೆಲ್ಮೆಟ್‌ನ ವಾರ್ನಿಷ್ ಸರಿಹೋದ ಮೇಲೆ ಕಂದು ಮತ್ತು ಕಪ್ಪು ಅಕ್ರಿಲಿಕ್ ಅನ್ನು ಟೀ ಡಿಕಾಕ್ಷನ್‌ನಷ್ಟು ತೆಳುವಾಗುವವರೆಗೆ ನೀರಿನಲ್ಲಿ ಕರಗಿಸಿ, ಅಂಗೈ ಅಗಲದಷ್ಟು ಜಾಗಕ್ಕೆ ಬಳಿದು, ಒಂದೆರಡು ನಿಮಿಷದಲ್ಲಿ ಒದ್ದೆ ಬಟ್ಟೆಯಿಂದ ಮೇಲಿನಿಂದ ಕೆಳಕ್ಕೆ ಮಾತ್ರ ಒರೆಸಿ. ಅಡ್ಡಡ್ಡ ಒರೆಸಿದರೆ ಕೊಳೆ ಮಳೆಯಲ್ಲಿ ಇಳಿದಂತೆ ಕಾಣುವುದಿಲ್ಲ. ಕೆನ್ನೆಯ ತಗ್ಗುಗಳಲ್ಲಿ, ಹಣೆಯ ಮೇಲಿನ ಆ ಹೆಸರಾಂತ ತಗ್ಗಿನೊಳಗೆ, ಬಲಗಿವಿಯ ಬಳಿಯ ಆಂಟೆನಾದ ಬುಡದಲ್ಲಿ ಸ್ವಲ್ಪ ಹೆಚ್ಚು ಉಳಿಯಲಿ.

ಧೂಳಿಗೆ ದುಬಾರಿ ಪುಡಿ ಕೊಳ್ಳಬೇಕಿಲ್ಲ. ಸಿನಿಮಾ ವಸ್ತ್ರ ವಿಭಾಗಗಳು ಬಟ್ಟೆಗೆ ಧೂಳು ಹಿಡಿಸಲು ಬಹುಕಾಲದಿಂದ ಬಳಸುವುದು ನಮ್ಮ ಗ್ರಂಥಿಗೆ ಅಂಗಡಿಯಲ್ಲಿ ಸಿಗುವ ಮುಲ್ತಾನಿ ಮಿಟ್ಟಿಯನ್ನೇ. ಬಟ್ಟೆಯಲ್ಲಿ ಸೋಸಿದ ನಯವಾದ ಪುಡಿಯನ್ನು ಮೆತ್ತನೆಯ ಕುಂಚದಿಂದ ಅಂಚುಗಳ ಕೆಳಗೆ ತಟ್ಟಿ, ಹೆಚ್ಚಾದದ್ದನ್ನು ಊದಿಬಿಡಿ. ಕೊನೆಯ ಮ್ಯಾಟ್ ಪದರ ತೆಳ್ಳಗೆ ಹೊಡೆದರೆ ಅದು ಅಲ್ಲೇ ನಿಲ್ಲುತ್ತದೆ.

ಪ್ರತಿಕ್ರಿಯೆ: ಪಡುಗಡಲು (ಮಂಗಳೂರು)

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಕಳೆದ ವಾರ ಎರಡು ದಿನ ಮಳೆ ಬಿಡುವು ಕೊಟ್ಟಾಗ ಒಳಬದಿಯಲ್ಲಿ ಪರೀಕ್ಷಿಸಿ, ಆಮೇಲೆ ನೆತ್ತಿಗೆ ಗ್ಲಾಸ್ ವಾರ್ನಿಷ್ ಹೊಡೆದೆ. ಹಿಂಬದಿಯಲ್ಲಿ ಎರಡು ಬೆರಳಗಲದ ಮಚ್ಚೆಯೊಂದನ್ನು ಬಿಟ್ಟು ಬಿಳುಪೆಲ್ಲ ಹೋಯಿತು. ಚಾಕು ಪ್ರೈಮರ್ ಮುಟ್ಟಿದ್ದ ಕಡೆಗಳನ್ನು ಉಜ್ಜಿ ಸಮ ಮಾಡಿ ಮತ್ತೆ ಬೆಳ್ಳಿ ಹೊಡೆದಿದ್ದೇನೆ. ಎಡಗೆನ್ನೆಯ ಮೇಲೆ ಮಾಸ್ಕಿಂಗ್ ದ್ರವದಿಂದ ನಾಲ್ಕು ಗುರುತು ಮಾಡಿ ನೋಡಿದೆ. ಹಸಿರನ್ನು ಬೆರಳಿನಿಂದ ಉಜ್ಜಿದಾಗ ಬೆಳ್ಳಿಯ ಸುತ್ತ ಆ ತಿಳಿ ಬೂದು ಅಂಚು ಕಾಣಿಸಿಕೊಂಡಿತು, ಪಕ್ಕದಲ್ಲಿದ್ದ ತಂಗಿ ಅದು ನಿಜವಾದ ತಗಡು ಎಂದುಕೊಂಡು ಬೆರಳಿನಿಂದ ತಟ್ಟಿ ನೋಡಿದಳು. ಉಳಿದ ಗುರುತುಗಳು ಟ್ರೇಸಿಂಗ್ ಹಾಳೆಯ ಮೇಲೆ ಸಿದ್ಧವಾಗಿವೆ. ಕೊನೆಯ ಮ್ಯಾಟ್ ಪದರವನ್ನು ಮಾತ್ರ ದಸರಾ ಕಳೆದು ಗಾಳಿ ಒಣಗಿದ ಮೇಲೆಯೇ ಹೊಡೆಯುತ್ತೇನೆ.