ಶುಗರ್ ಇರೋರಿಗೂ ಸಿಹಿ ಸುದ್ದಿ

‘ದೊಡ್ಡಮನೆ ಬಳಗ’ ಗ್ರೂಪಿಗೆ ಶನಿವಾರ ಬೆಳಿಗ್ಗೆ ರಾಮಚಂದ್ರ ಚಿಕ್ಕಪ್ಪ ಹಾಕಿದ್ದು ಇದು. ಮೇಲೆ ಎರಡು ಬಾಣದ ಗುರುತು, ಅಂದರೆ ಊರೆಲ್ಲ ಸುತ್ತಿ ಕೊನೆಗೆ ನಮ್ಮ ಮನೆಗೆ ಬಂದಿದೆ.

“ಶುಗರ್ ಇರೋರಿಗೂ ಸಿಹಿ ಸುದ್ದಿ!! ಮನೆಯಲ್ಲೇ ಮಾಡಿ ಸಕ್ಕರೆ ಇಲ್ಲದ ಆರೋಗ್ಯಕರ ಕಾಕ್‌ಟೇಲ್. ಒಂದು ಬಟ್ಟಲು ಕಪ್ಪು ದ್ರಾಕ್ಷಿ ಜಜ್ಜಿ ಸೋಸಿ, ನಿಂಬೆರಸ, ಪುದೀನ, 2 ಚಮಚ ಶುದ್ಧ ಜೇನು, 60 ಎಂಎಲ್ ಜಿನ್, ಮೇಲೆ ಗ್ಲಾಸ್ ತುಂಬ ಟಾನಿಕ್ ವಾಟರ್. ತಾಜಾ ಹಣ್ಣಿನ ನಾರು ಆಲ್ಕೋಹಾಲನ್ನು ಹೀರಿಕೊಳ್ಳುವುದರಿಂದ ಲಿವರ್‌ಗೆ ತೊಂದರೆ ಇಲ್ಲ. ದೊಡ್ಡ ಡಾಕ್ಟರೇ ಹೇಳಿದ್ದು. ನಿಮ್ಮವರಿಗೆಲ್ಲ ಕಳಿಸಿ, ಒಂದು ಜೀವ ಉಳಿಸಿ.”

ಕೆಳಗೆ ಚಿಕ್ಕಪ್ಪನ ಸ್ವಂತ ಸಾಲು: “ಲಲಿತಾ ನೋಡ್ಲಿ ಅಂತ ಹಾಕಿದೀನಿ.” ಪಕ್ಕದಲ್ಲಿ ನಗೋ ಮುಖ ನಾಲ್ಕು.

ಲಲಿತಾ ಚಿಕ್ಕಮ್ಮ ಮತ್ತು ಚಿಕ್ಕಪ್ಪ ಯಲಹಂಕದಲ್ಲಿ ಒಂದೇ ಸೂರಿನ ಕೆಳಗೆ ಇದ್ದಾರೆ. ಅಡುಗೆಮನೆಗೂ ಹಾಲಿಗೂ ನಡುವೆ ಒಂದು ಗೋಡೆ. ಆದರೂ ಚಿಕ್ಕಪ್ಪ ಶುಗರ್ ಬಂದಮೇಲೆ ಚಿಕ್ಕಮ್ಮನ ಹತ್ತಿರ ಎದುರಿಗೆ ಕೇಳಲಾಗದ್ದನ್ನೆಲ್ಲ ಗ್ರೂಪಿನ ಮೂಲಕವೇ ಕೇಳೋದು. ಇದೂ ಜೋಕಿನ ವೇಷದಲ್ಲಿ ಹಾಕಿದ ಅರ್ಜಿ.

ಮೊದಲು ಎದ್ದು ಕೂತವನು ಚೇತನ್, ದೊಡ್ಡಪ್ಪನ ಮಗ. ಗ್ರೂಪಿನಲ್ಲಿ ಅವನದ್ದು ಒಂದೇ ಕೆಲಸ.

ಚೇತನ್: ಸೋರ್ಸ್ ಏನು ಚಿಕ್ಕಪ್ಪ?

ಚಿಕ್ಕಪ್ಪ: ಡಾಕ್ಟ್ರು ಹೇಳವ್ರೆ ಅಂತ ಬರ್ದೈತಲ್ಲಪ್ಪ.

ಚೇತನ್: ಯಾವ ಡಾಕ್ಟ್ರು?

ಚಿಕ್ಕಪ್ಪ: ದೊಡ್ಡ ಡಾಕ್ಟ್ರು.

ಚೇತನ್: ಹೆಸರು? ಆಸ್ಪತ್ರೆ? ಎಲ್ಲಾದ್ರೂ ಪ್ರಿಂಟ್ ಆಗಿದ್ಯಾ?

ಚಿಕ್ಕಪ್ಪ: ನೀನು ಎಂಟನೇ ಕ್ಲಾಸಲ್ಲಿ ಮಾರ್ಕ್ಸ್ ಕಾರ್ಡ್ ತಂದಾಗ ನಾನು ಸೋರ್ಸ್ ಕೇಳಿದ್ನಾ?

ಇಲ್ಲಿಗೇ ವಿಷಯ ಮುಗಿಯಬೇಕಿತ್ತು. ಆದರೆ ಮುನೇಗೌಡ ದೊಡ್ಡಪ್ಪ ಟೈಪ್ ಮಾಡೋದಿಲ್ಲ, ಫೋನಿಗೆ ಹೇಳಿ ಬರೆಸುತ್ತಾರೆ. ಹಾಗಾಗಿ ಅವರ ಸಂದೇಶಕ್ಕೆ ಉಸಿರು ಕಟ್ಟೋವರೆಗೂ ಪೂರ್ಣವಿರಾಮ ಇರೋದಿಲ್ಲ.

ದೊಡ್ಡಪ್ಪ: ಎಲ್ಲರಿಗೂ ಶುಭೋದಯ ರಾಮಚಂದ್ರ ಇದೇನು ಬೆಳಿಗ್ಗೆ ಬೆಳಿಗ್ಗೆ ಹೆಣ್ಣುಮಕ್ಕಳು ಮೊಮ್ಮಕ್ಕಳು ಇರೋ ಗ್ರೂಪಲ್ಲಿ ಜಿನ್ನು ಗಿನ್ನು ನಮ್ಮಪ್ಪ ಸಾರಾಯಿ ಅಂಗಡಿ ಇದ್ದ ಬೀದೀಲಿ ಕಾಲು ಇಟ್ಟವರಲ್ಲ 2007ರಲ್ಲಿ ಸರ್ಕಾರ ಸಾರಾಯಿ ನಿಲ್ಲಿಸಿದಾಗ ಸದ್ಯ ಅಂದುಕೊಂಡೆವು ಈಗ ನೀವು ಅದಕ್ಕೇ ದ್ರಾಕ್ಷಿ ಪುದೀನ ಹಾಕಿ ದೇವರ ಪ್ರಸಾದದ ಥರ ಮನೆ ಒಳಕ್ಕೆ ತರ್ತಾ ಇದೀರ

ಜಯಮ್ಮ ಅತ್ತೆ: ಅಣ್ಣ, ಚೇತು ಬೀಗರೂಟದ ದಿನ ಛತ್ರದ ಹಿಂದೆ ಬೇವಿನ ಮರದ ಕೆಳಗೆ ನಿಂತಿತ್ತಲ್ಲ ಬಿಳಿ ಕಾರು, ಅದರ ಡಿಕ್ಕಿ ಬೀಗದ ಕೈ ಯಾರ ಜೇಬಲ್ಲಿತ್ತು?

ಕಾಲು ಗಂಟೆ ಯಾರೂ ಬರೆಯಲಿಲ್ಲ. ನಮ್ಮ ಕಡೆ ಬೀಗರೂಟದಲ್ಲಿ ಬಾಡೂಟ ಎಷ್ಟು ಖಾಯಮ್ಮೋ ಡಿಕ್ಕಿಯೂ ಅಷ್ಟೇ ಖಾಯಂ. ಅದನ್ನು ಬಾಯಿಬಿಟ್ಟು ಹೇಳಬಾರದು ಅನ್ನೋದೇ ಶಾಸ್ತ್ರ. ಅತ್ತೆ ಶಾಸ್ತ್ರ ಮುರಿದಿದ್ದರು.

ದೊಡ್ಡಪ್ಪ: ಅದು ಬೀಗರ ಕಡೆಯವರಿಗೆ ಮರ್ಯಾದೆಗೆ ಇಟ್ಟಿದ್ದು ನಾನು ಮಜ್ಜಿಗೆ ಕುಡಿದೆ

ಜಯಮ್ಮ ಅತ್ತೆ: ಹೂಂ ಅಣ್ಣ, ಈಚಲು ಮರದ ಕೆಳಗೆ.

ಅತ್ತೆಗೆ ಸಿಕ್ಕ ನಗೋ ಮುಖಗಳಲ್ಲಿ ಎರಡು ದೊಡ್ಡಪ್ಪನ ಮನೆಯಿಂದಲೇ ಬಂದವು.

ಹನ್ನೊಂದರ ಹೊತ್ತಿಗೆ ಅನು ಬರೆದಳು. ಅತ್ತೆಯ ಸೊಸೆ, ಮಂಜು ಹೆಂಡತಿ, ಸಕ್ಕರೆ ಕಾಯಿಲೆ ವಿಭಾಗದಲ್ಲಿ ಡಾಕ್ಟರ್. ಗ್ರೂಪಿನಲ್ಲಿ ಆ ಫಾರ್ವರ್ಡನ್ನು ಪೂರ್ತಿ ಓದಿದವಳು ಅವಳೊಬ್ಬಳೇ ಅಂತ ನನ್ನ ಖಾತ್ರಿ.

ಅನು: ರಾಮಚಂದ್ರ ಮಾವ, ಇದರಲ್ಲಿ ಸಕ್ಕರೆ ಇಲ್ಲ ಅನ್ನೋದೇ ಸುಳ್ಳು. 2 ಟೀ ಚಮಚ ಜೇನು ಅಂದ್ರೆ 11–12 ಗ್ರಾಂ ಸಕ್ಕರೆ. ಮಾಮೂಲಿ ಟಾನಿಕ್ ವಾಟರ್ ಕಹಿಯಾಗಿದೆ ಅಂತ ಮೋಸ ಹೋಗ್ಬೇಡಿ, 200 ಎಂಎಲ್‌ನಲ್ಲಿ ಇನ್ನೊಂದು 16 ಗ್ರಾಂ ಆಸುಪಾಸು ಇರತ್ತೆ. ದ್ರಾಕ್ಷಿಯಲ್ಲಿ 100 ಗ್ರಾಂಗೆ ಸುಮಾರು 16 ಗ್ರಾಂ. ಸೋಸಿದ ಮೇಲೆ ನಾರು ಜರಡೀಲಿ ಉಳೀತು, ಸಕ್ಕರೆ ಗ್ಲಾಸಿಗೆ ಇಳೀತು. ಜೇನು, ಹಣ್ಣಿನ ರಸ ಎರಡನ್ನೂ ವಿಶ್ವ ಆರೋಗ್ಯ ಸಂಸ್ಥೆ ಸಕ್ಕರೆ ಲೆಕ್ಕಕ್ಕೇ ಸೇರಿಸತ್ತೆ, ದಿನಕ್ಕೆ 25 ಗ್ರಾಂ ಒಳಗಿದ್ರೆ ಒಳ್ಳೇದು ಅನ್ನತ್ತೆ. ಇಲ್ಲಿ ಒಂದೇ ಗ್ಲಾಸಲ್ಲಿ ಅದು ದಾಟಿಹೋಯ್ತು. ನಾರು ಆಲ್ಕೋಹಾಲನ್ನ ಹೀರಲ್ಲ. 60 ಎಂಎಲ್ ಜಿನ್ನಲ್ಲಿ ಸಕ್ಕರೆ ಇಲ್ದಿದ್ರೂ 20 ಗ್ರಾಂ ಆಲ್ಕೋಹಾಲ್ ಇದೆ, ಅದೊಂದರಿಂದ್ಲೇ 140 ಕ್ಯಾಲೊರಿ. ಇನ್ನು ಮುಖ್ಯವಾದದ್ದು. ನೀವು ಗ್ಲಿಮಿಪಿರೈಡ್ ಥರದ ಶುಗರ್ ಮಾತ್ರೆ ತಗೊಳ್ತಿದ್ದು ಖಾಲಿ ಹೊಟ್ಟೇಲಿ ಕುಡಿದ್ರೆ ಶುಗರ್ ಧಡಾರಂತ ಇಳಿಯತ್ತೆ. ಲಿವರ್ ಆಲ್ಕೋಹಾಲ್ ವಿಲೇವಾರಿ ಮಾಡ್ತಾ ಕೂತಾಗ ಗ್ಲೂಕೋಸ್ ತಯಾರಿಸಿ ರಕ್ತಕ್ಕೆ ಬಿಡೋ ಕೆಲಸ ಕುಂಟತ್ತೆ. ನಡುಕ, ಬೆವರು, ತೊದಲು ಬಂದ್ರೆ ನೋಡಿದವರು ಅಮಲು ಅಂದ್ಕೊಂಡು ಮಲಗಿಸ್ತಾರೆ. ಅದೇ ಅಪಾಯ. ನಿಮ್ಮ ಮಾತ್ರೆ ಪಟ್ಟಿ ಒಂದು ಫೋಟೊ ಕಳಿಸಿ.

ಉದ್ದದ ಸಂದೇಶವನ್ನು ವಾಟ್ಸಾಪ್ ಅರ್ಧಕ್ಕೆ ಮಡಚಿ ‘ಇನ್ನಷ್ಟು ಓದಿ’ ಅನ್ನುತ್ತದಲ್ಲ, ಆ ಜಾಗ ದಾಟಿ ನಮ್ಮ ಬಳಗದಲ್ಲಿ ಯಾರೂ ಹೋಗಿಲ್ಲ. ಈ ಸಲ ಚಿಕ್ಕಪ್ಪ ಹೋಗಿದ್ದರು, ಅದೂ ತಮಗೆ ಬೇಕಾದ ಸಾಲಿನವರೆಗೆ ಮಾತ್ರ.

ಚಿಕ್ಕಪ್ಪ: ಶುಗರ್ ಇಳೀತದೆ ಅಂತ ಡಾಕ್ಟ್ರಮ್ಮನೇ ಹೇಳ್ತಾವ್ರೆ! ಇನ್ನೇನ್ ಸೋರ್ಸ್ ಬೇಕೋ ಚೇತು?

ಅನು: ಅಯ್ಯೋ ಮಾವ, ನಾನು ಹೇಳಿದ್ದು ಅದಲ್ಲ.

ಅವಳು ಇನ್ನೂ ಟೈಪ್ ಮಾಡ್ತಿದ್ದಾಳೆ ಅಂತ ಮೇಲೆ ತೋರಿಸ್ತಾನೇ ಇತ್ತು. ಅಷ್ಟರಲ್ಲಿ ಅವಳ ಗಂಡನೇ ಅಡ್ಡ ಬಂದ.

ಮಂಜು: ಕಪ್ಪು ದ್ರಾಕ್ಷಿ ಅಂದಾಗ ನೆನಪಾಯ್ತು. ತಾತನ ತೋಟದ ಬೆಂಗಳೂರು ನೀಲಿ! ಕಲ್ಲುಕಂಬದ ಮೇಲೆ ತಂತಿ ಎಳ್ದು ಚಪ್ಪರ. ಮಧ್ಯಾಹ್ನ ಅದರ ಕೆಳಗೆ ಮಲಗಿದ್ರೆ ಏಸಿ ಯಾಕೆ. ಹಣ್ಣು ಬಾಯಿಗಿಟ್ಟು ಅದುಮಿದ್ರೆ ತಿರುಳು ಬೀಜ ಸಮೇತ ಜಾರಿ ನಾಲಿಗೆ ಮೇಲೆ ಬರೋದು, ಸಿಪ್ಪೆ ಉಗಿಯೋದು. ಮೈಲುತುತ್ತ ಹೊಡೆದ ವಾರ ತಿನ್ನಬೇಡ್ರೋ ಅಂತ ತಾತ ಕೋಲು ಹಿಡ್ಕೊಂಡು ಓಡಿಸೋರು. ರಮ್ಯಾ ನಿಂಗೆ ನೆನಪಿದ್ಯಾ, ಒಂದ್ಸಲ ಮುಖವೆಲ್ಲ ನೀಲಿ?

ನೆನಪಿತ್ತು. ಹೂಂ ಅಂತ ಹಾಕಿದೆ. ಅಡ್ಮಿನ್ ಆದವಳು ಆಗ ಅನು ಬರೆದದ್ದನ್ನು ಮೇಲೆತ್ತಿ ತೋರಿಸಬೇಕಿತ್ತು ಅಂತ ನೀವು ಹೇಳಬಹುದು. ಆದರೆ ದ್ರಾಕ್ಷಿ ಚಪ್ಪರದ ಮುಂದೆ ಗ್ಲಿಮಿಪಿರೈಡ್ ಯಾವ ಗ್ರೂಪಿನಲ್ಲೂ ನಿಲ್ಲೋದಿಲ್ಲ.

ಮಂಜು: ನಮ್ಮ ದ್ರಾಕ್ಷಿಗೂ ಜಿಐ ಟ್ಯಾಗ್ ಸಿಕ್ಕೈತೆ, ದೇವನಹಳ್ಳಿ ಚಕ್ಕೋತಕ್ಕೂ ಸಿಕ್ಕೈತೆ. ಹಣ್ಣಿಗೆಲ್ಲ ಸರ್ಟಿಫಿಕೇಟು, ನಮಗೆ ತೋಟಾನೇ ಇಲ್ಲ.

ಚಕ್ಕೋತ ಅಂದ ಕೂಡಲೇ ಚೇತನ್‌ಗೆ ಏನೋ ಹುರುಪು ಬಂತು.

ಚೇತನ್: ನಿಜವಾಗ್ಲೂ ಸಕ್ಕರೆ ಕಮ್ಮಿ ಬೇಕು ಅಂದ್ರೆ ಚಕ್ಕೋತಾನೇ ಬೆಸ್ಟ್ ಚಿಕ್ಕಪ್ಪ. ತೊಳೆ ಬಿಡಿಸಿ, ಮೇಲಿನ ಬಿಳಿ ಪೊರೆ ಕಿತ್ತು, ಗ್ಲಾಸಲ್ಲೇ ಮೆಲ್ಲಗೆ ಜಜ್ಜಬೇಕು, ಸೋಸಬಾರ್ದು. ನಿಂಬೆ ಅರ್ಧ ಹೋಳು. ಒಂದು ಚಿಟಿಕೆ ಉಪ್ಪು ಹಾಕಿದ್ರೆ ಕಹಿ ಅಡಗತ್ತೆ, ಹಣ್ಣಿನ ಸಿಹಿ ತಾನೇ ಎದ್ದು ಬರತ್ತೆ, ಜೇನೇ ಬೇಡ. ಹಸಿಮೆಣಸಿನಕಾಯಿ ಸೀಳಿ ಒಂದು ತುಂಡು. ಪುದೀನ ಜಜ್ಜಬೇಡಿ, ಒಗರಾಗತ್ತೆ, ಅಂಗೈ ಮೇಲಿಟ್ಟು ಒಂದು ಏಟು ಸಾಕು. ಟಾನಿಕ್ ಬೇಡ, ಬರೀ ಸೋಡಾ. ಐಸ್ ಜಾಸ್ತಿ ಹಾಕಿ, ಕಮ್ಮಿ ಹಾಕಿದ್ರೆ ಬೇಗ ಕರಗಿ ನೀರಾಗತ್ತೆ. ಜಿನ್ 30 ಸಾಕು. ಕಲ್ಲಂಗಡಿಯಲ್ಲೂ ಮಾಡ್ಬಹುದು, ಅದರಲ್ಲಿ ದ್ರಾಕ್ಷಿಯ ಅರ್ಧಕ್ಕಿಂತ ಕಮ್ಮಿ ಸಕ್ಕರೆ. ಸೀಬೆಹಣ್ಣಿಗಾದ್ರೆ ಗ್ಲಾಸಿನ ಅಂಚಿಗೆ ಉಪ್ಪು ಖಾರದಪುಡಿ.

ಇಡೀ ದಿನದಲ್ಲಿ ಕೆಲಸಕ್ಕೆ ಬರುವ ಪಾಕವಿಧಾನ ಅಂತ ಬಂದದ್ದು ಇದೊಂದೇ. ನಾನು ಜಿನ್ ಬಿಟ್ಟು ಮಾಡಿ ನೋಡಿದೆ. ಉಪ್ಪಿನ ವಿಷಯದಲ್ಲಿ ಅವನ ಮಾತು ಸರಿ, ಮೆಣಸಿನಕಾಯಿ ವಿಷಯದಲ್ಲಿ ಅತಿ. ಆದರೆ ಗ್ರೂಪಿನಲ್ಲಿ ಪಾಕಕ್ಕಿಂತ ಅಡುಗೆಭಟ್ಟನ ಮೇಲೆ ಕಣ್ಣು ಬಿತ್ತು.

ಜಯಮ್ಮ ಅತ್ತೆ: ಸೋರ್ಸ್ ಏನಪ್ಪ ಚೇತು?

ದೊಡ್ಡಪ್ಪ: ಚೇತನ್ ಇದೆಲ್ಲ ನಿನಗೆ ಹೇಗೆ ಗೊತ್ತು

ಚೇತನ್: ಯೂಟ್ಯೂಬ್ ಅಪ್ಪ.

ದೊಡ್ಡಪ್ಪ: ಪುದೀನ ಅಂಗೈ ಮೇಲೆ ಇಟ್ಟು ಏಟು ಹಾಕಬೇಕು ಅನ್ನೋದು ಕೈಗೆ ಬಂದ ಮಾತು ಯೂಟ್ಯೂಬ್ ಮಾತಲ್ಲ ಹೆಣ್ಣೂರು ಮನೆ ಬಾಲ್ಕನೀಲಿ ನೀನು ಗಾಜಿನ ಕಪಾಟು ಮಾಡಿಸಿದ್ದು ಪುಸ್ತಕಕ್ಕೆ ಅಂದಿದ್ದೆ

ಚೇತನ್ ಈ ಸಂದೇಶ ನೋಡಿದ್ದ. ನೀಲಿ ಗೆರೆ ನನಗೇ ಕಾಣುತ್ತಿತ್ತು, ಅವನ ಅಪ್ಪನ ಜೊತೆ ಕೂತೇ ಓದುತ್ತಿದ್ದೆ, ಅಂದು ಅವರ ಮನೆಯಲ್ಲೇ ಇದ್ದೆ. ದೊಡ್ಡಪ್ಪನಿಗೆ ಕೋಪಕ್ಕಿಂತ ಏನೋ ಕುತೂಹಲ ಇತ್ತು ಅಂತ ನನ್ನ ಅನುಮಾನ. “ಹಸಿಮೆಣಸಿನಕಾಯಿ ಯಾಕಮ್ಮ?” ಅಂತ ನನ್ನನ್ನೇ ಮೆಲ್ಲಗೆ ಕೇಳಿದರು.

ಅನು: ಒಂದು ಮಾತು. ಕೊಲೆಸ್ಟ್ರಾಲ್ ಮಾತ್ರೆ ತಗೊಳ್ಳೋರು ಚಕ್ಕೋತಕ್ಕೆ ಮುಂಚೆ ಡಾಕ್ಟರನ್ನ ಕೇಳಿ. ಗ್ರೇಪ್‌ಫ್ರೂಟ್ ಅನ್ನೋದು ಚಕ್ಕೋತ, ಕಿತ್ತಳೆ ಕೂಡಿ ಹುಟ್ಟಿದ ಹಣ್ಣು. ಅದು ಅಟೋರ್ವಾಸ್ಟಾಟಿನ್ ಥರದ ಕೆಲವು ಮಾತ್ರೆನ ದೇಹ ಬೇಗ ವಿಲೇವಾರಿ ಮಾಡದ ಹಾಗೆ ತಡೆಯತ್ತೆ, ರಕ್ತದಲ್ಲಿ ಮಾತ್ರೆ ಅಂಶ ಏರತ್ತೆ. ಅದಕ್ಕೆ ಕಾರಣವಾದ ವಸ್ತು ಚಕ್ಕೋತದಲ್ಲೂ ಇದೆ. ಆಮೇಲೆ, ಸಕ್ಕರೆ ತೆಗೆದ್ರೆ ಸಕ್ಕರೆ ಕಮ್ಮಿ ಆಗತ್ತೆ ಅಷ್ಟೇ, ಮದ್ಯ ಆರೋಗ್ಯಕರ ಆಗಲ್ಲ. ಇಷ್ಟು ಕುಡಿದ್ರೆ ಅಪಾಯ ಇಲ್ಲ ಅನ್ನೋ ಅಳತೆಯೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲೇ ಹೇಳಿದೆ. ಮಾವ, ಮಾತ್ರೆ ಪಟ್ಟಿ?

ಜಯಮ್ಮ ಅತ್ತೆ: ಚಕ್ಕೋತ ಎಲ್ಲೈತಮ್ಮ ಕೇಳೋಕೆ. ಬಾವಿ ಹತ್ರ ಇದ್ದ ಮರ ಕಡಿಸಿ ಹಾಕಿದ್ರಲ್ಲ. ನಮ್ಮಮ್ಮ ನೆಟ್ಟಿದ್ದ ಮರ.

ಹೀಗೆ ಬಂತು ನೋಡಿ ಅಸಲು ವಿಷಯ. ನಮ್ಮ ಬಳಗದಲ್ಲಿ ಯಾವ ಫಾರ್ವರ್ಡ್ ಬಿದ್ದರೂ, ಬೆಳ್ಳುಳ್ಳಿಯಿಂದ ಬಿಪಿ ಇಳಿಯುತ್ತೆ ಅಂತ ಬಿದ್ದರೂ, ಮಧ್ಯಾಹ್ನದೊಳಗೆ ಬಾವಿ ಹತ್ತಿರದ ಮರಕ್ಕೆ ಬಂದು ನಿಲ್ಲುತ್ತದೆ.

ದೊಡ್ಡಪ್ಪ: ಮರ ನಾನು ಕಡಿಸಲಿಲ್ಲ ಜಯಾ ಲೇಔಟಿನವರು ಕಡಿದರು

ಜಯಮ್ಮ ಅತ್ತೆ: ಲೇಔಟಿನವರಿಗೆ ಕೊಟ್ಟೋರು ಯಾರು? ಏರ್‌ಪೋರ್ಟ್ ಬಾಗಿಲು ತೆಗೆಯೋಕೆ ಎರಡು ವರ್ಷ ಮುಂಚೆ. ಎರಡು ವರ್ಷ ತಡ್ಕೊಂಡಿದ್ರೆ?

ದೊಡ್ಡಪ್ಪ: ಎಲ್ಲರೂ ಸೈನ್ ಹಾಕಿದ್ದೀರಿ

ಚಿಕ್ಕಪ್ಪ: ನಾನು ಹಾಕಿದ್ದು ಚಪ್ಪರದ ಕಡೆ ಜಮೀನಿಗೆ ಮಾತ್ರ. ಬಾವಿ ಕಡೇದು ಬೇರೆ ನಂಬರು.

ದೊಡ್ಡಪ್ಪ: ಎರಡೂ ಒಂದೇ

ಚಿಕ್ಕಪ್ಪ: ಒಂದೇ ಅಲ್ಲ ಅಣ್ಣ.

ಮಂಜು: ಬಾವೀಲಿ ಈಜು ಕಲ್ತಿದ್ದು ನೆನಪಿದ್ಯಾ? ಸೊಂಟಕ್ಕೆ ಒಣ ಸೋರೆಬುರುಡೆ ಕಟ್ಟಿ?

ಯಾರೂ ಮಂಜುಗೆ ಉತ್ತರ ಕೊಡಲಿಲ್ಲ. ದೊಡ್ಡಪ್ಪ ಎದ್ದು ಬೀರು ತೆಗೆದು, ಪ್ಲಾಸ್ಟಿಕ್ ಕವರಿನಿಂದ ಹಳೇ ಪಹಣಿ ಹೊರತೆಗೆದು, ನನ್ನ ಕೈಲೇ ಫೋಟೊ ಹೊಡೆಸಿ ಗ್ರೂಪಿಗೆ ಹಾಕಿಸಿದರು. ಅಕ್ಷರ ಮಸುಕು, ಮಡಿಕೆ ಬಿದ್ದ ಜಾಗದಲ್ಲೇ ಸರ್ವೆ ನಂಬರ್. ಬೆಳಿಗ್ಗೆಯಿಂದ ಒಂದು ಕಾಗದಕ್ಕೆ ಹಂಬಲಿಸುತ್ತಿದ್ದ ಚೇತನ್ ಅದನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿ, “ಅಪ್ಪ, ಚಿಕ್ಕಪ್ಪ ಹೇಳ್ತಿರೋದೇ ಸರಿ, ಎರಡು ನಂಬರ್ ಇದೆ” ಅಂತ ಬರೆದ. ದೊಡ್ಡಪ್ಪ ಗ್ರೂಪ್ ಬಿಟ್ಟರು. ನಾನು ಮತ್ತೆ ಸೇರಿಸಿದೆ. ಪಕ್ಕದ ಕುರ್ಚಿಯಲ್ಲೇ ಕೂತಿದ್ದರು, ಬೇಡ ಅನ್ನಲಿಲ್ಲ.

ಅನು ಗ್ರೂಪಿನಲ್ಲಿ ಮತ್ತೆ ಬರೆಯಲಿಲ್ಲ. ನೇರ ಲಲಿತಾ ಚಿಕ್ಕಮ್ಮನಿಗೆ ಫೋನ್ ಮಾಡಿ, ಡಬ್ಬಿಯಲ್ಲಿದ್ದ ಒಂದೊಂದೇ ಮಾತ್ರೆ ಹೆಸರು ಓದಿಸಿ ಬರೆದುಕೊಂಡಳಂತೆ. ಅವಳು ಹೆದರಿದ ಮಾತ್ರೆ ಇತ್ತು. ಇದು ನನಗೆ ಗೊತ್ತಾದದ್ದು ಸಂಜೆ, ಚಿಕ್ಕಮ್ಮ ಆ ದಿನ ಮೊದಲ ಸಲ ಗ್ರೂಪಿಗೆ ಬಂದಾಗ.

ಲಲಿತಾ ಚಿಕ್ಕಮ್ಮ: ನಾಳೆ ಎಲ್ರೂ ನಮ್ಮನೆಗೆ ಬನ್ನಿ. ಮುದ್ದೆ, ಕೋಳಿಸಾರು ಮಾಡ್ತೀನಿ. ಭಾವ, ನೀವೂ ಬರ್ಬೇಕು. ಬಂದ ತಕ್ಷಣ ಊಟ. ಊಟ ಆದ್ಮೇಲೆ ಯಾರು ಯಾವ ಹಣ್ಣು ಹಿಂಡ್ಕೊಂತೀರೋ ಹಿಂಡ್ಕೊಳ್ಳಿ, ಸೋಡಾ ತರಿಸಿದೀನಿ. ಇವರ ಗ್ಲಾಸಿಗೆ ಹಣ್ಣು ಸೋಡಾ ಅಷ್ಟೇ. ಟಾನಿಕ್ ವಾಟರ್ ನಾಲ್ಕು ಬಾಟ್ಲಿ ಸ್ಕೂಟರ್ ಡಿಕ್ಕೀಲಿತ್ತು, ಪಕ್ಕದ ಮನೆಯವರಿಗೆ ಕೊಟ್ಟೆ.

ಚಿಕ್ಕಪ್ಪ: ಅದು ಸ್ನೇಹಿತರದ್ದು.

ದೊಡ್ಡಪ್ಪ: ಲಲಿತಾ ನಾಟಿಕೋಳಿನಾ ಫಾರಂ ಕೋಳಿನಾ